ಮುಚಾನೇಟಾಳ ತಾಯಿಹಸು

ಮುಚಾನೇಟಾ ಎಂದರೆ ನಮ್ಮ ಮಾತಿನಲ್ಲಿ ‘ಕೊನೆಗೆ ದಣಿಯುವವರು ನೀವೇ’ ಎಂದು ಅರ್ಥ. ಸವತಿಯರ ಕಾಟ ತಾಳಲಾರದೆ ಅವಳ ತಾಯಿ, ಇವಳಿನ್ನೂ ಹೊಟ್ಟೆಯಲ್ಲಿರುವಾಗಲೇ ಆ ಹೆಸರನ್ನು ಆರಿಸಿಟ್ಟಿದ್ದಳಂತೆ. ಮಗುವನ್ನು ಕೂಗಿದಾಗಲೆಲ್ಲ ಸವತಿಯರಿಗೆ ಚುಚ್ಚಬಹುದಲ್ಲ! ಹೆಸರು ಮಗುವಿಗೆ, ಏಟು ನೆರೆಹೊರೆಗೆ. ನಮ್ಮ ಕಡೆ ಹಾಗೇ. ಸವತಿಯರು ದಣಿದರು. ಆಮೇಲೆ ಬರಗಾಲ ದಣಿಯಿತು, ಮ್ವೆನೇಜಿ ಹೊಳೆಯ ನೆರೆ ದಣಿಯಿತು. ಕಬ್ಬಿನ ತೋಟದಲ್ಲಿ ದುಡಿದು ಕೆಮ್ಮು ಹಿಡಿಸಿಕೊಂಡು ಬಂದ ಗಂಡನನ್ನು ಒಯ್ದು ಅವನ ಕಾಯಿಲೆಯೂ ದಣಿಯಿತು. ಇವಳು ಮಾತ್ರ ಬೆಳಗಾದರೆ ಅದೇ ಸೋರೆಬುರುಡೆ ಹಿಡಿದು ದೊಡ್ಡಿಗೆ ಹೋಗುತ್ತಿದ್ದಳು.

ಊರಿಗೆಲ್ಲ ಅವಳು ಮಾಯಿ ಶುವಾಯಿ, ಅಂದರೆ ಶುವಾಯಿಯ ತಾಯಿ. ಹೆಸರು ಹಿಡಿದು ಕರೆಯುವ ಹಕ್ಕು ನನಗೊಬ್ಬನಿಗೇ ಇತ್ತು. ನಾನು ಆ ಮನೆಯ ಸಹ್ವೀರ. ಸಹ್ವೀರ ಎಂದರೆ ಬರೀ ಗೆಳೆಯನಲ್ಲ. ಬೇರೆ ಕುಲದ, ಬೇರೆ ಬೆಡಗಿನವನಾಗಿರಬೇಕು, ಅಪ್ಪ ಅಜ್ಜಂದಿರ ಕಾಲದಿಂದ ಬಂದ ನಂಟಾಗಿರಬೇಕು. ನಾನು ಆ ಮನೆಯಲ್ಲಿ ಯಾರನ್ನು ಬೇಕಾದರೂ ಬೈಯಬಹುದು, ಕೇಳದೆ ಗಡಿಗೆಗೆ ಕೈಹಾಕಬಹುದು. ಅದಕ್ಕೆ ಬದಲಾಗಿ, ಬೇರೆ ಯಾರ ಬಾಯಲ್ಲೂ ಬಾರದ ಮಾತನ್ನು ನಾನು ಆಡಬೇಕು. ಸಾವಾದರೆ ಸತ್ತವರ ಅಂಗಿ ತೊಟ್ಟು, ಅವರ ಹಾಗೆ ನಡೆದು, ಅವರ ಹಾಗೆ ಕೆಮ್ಮಿ, ಅಳುವವರನ್ನು ನಗಿಸಬೇಕು. ಅವಳ ಗಂಡ ಸತ್ತಾಗ ಅವನ ಹರಕು ಟೋಪಿ ಹಾಕಿಕೊಂಡು ಅಂಗಳದಲ್ಲೆಲ್ಲ ನಶ್ಯದ ಡಬ್ಬಿ ಹುಡುಕಿದೆ. ಹೆಣದ ಪಕ್ಕ ಕೂತಿದ್ದ ಮುಚಾನೇಟಾ ನಕ್ಕೂ ನಕ್ಕೂ ಆಮೇಲೆ ಅತ್ತಳು. ಸತ್ತವರ ಆಟವನ್ನು ಮಾತ್ರ ನಾವು ಕಟ್ಟುವುದು. ಬದುಕಿರುವವರದು ಆಡುವಂತಿಲ್ಲ.

ಅವಳದು ನ್ಯಾಟಿ ಬೆಡಗು, ಕಾಡೆಮ್ಮೆಯ ಕುಲ. ನನ್ನದು ಸಿಂಹದ ಕುಲ. ನಮ್ಮ ನಡುವಿನ ಜಗಳಕ್ಕೆ ಬೇರೆ ಕಾರಣ ಬೇಕಿರಲಿಲ್ಲ.

“ನೋಡು ಮುಚಾನೇಟಾ, ನಿನ್ನ ಅಣ್ಣಂದಿರು ನಮ್ಮ ಹುಡುಗರಿಗೆ ಊಟ,” ಎನ್ನುತ್ತಿದ್ದೆ.

“ನಿಮ್ಮ ಹುಡುಗರ ಹೊಟ್ಟೆ ಸೀಳಿ ಹಾಕಿದಾರೆ ನಮ್ಮಣ್ಣಂದಿರು, ಗೊತ್ತಾ? ಹೋಗು, ಹಲ್ಲುದುರಿದ ಸಿಂಹ. ಮೆತ್ತಗೆ ಸಾಡ್ಜಾ ಮುದ್ದೆ ಮಾಡಿಟ್ಟಿದೀನಿ, ಅದನ್ನಾದ್ರೂ ನುಂಗು,” ಎನ್ನುತ್ತಿದ್ದಳು.

ಇನ್ನು ಆ ಹಸುವಿನ ವಿಷಯ. ಮಗಳ ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ತೆರ ಎಂದು ಕೊಡುವ ದನಗಳೆಲ್ಲ ಅಪ್ಪನ ಪಾಲು. ಒಂದೇ ಒಂದು ಹಸು ತಾಯಿಯದು. ಹೆತ್ತ ಹೊಟ್ಟೆಗೆ ಕೊಡುವ ಮರ್ಯಾದೆ ಅದು. ತಾಯಿಹಸು. ಅದರ ಮೇಲೆ ಗಂಡನಿಗೂ ಮಾತಿಲ್ಲ, ಗಂಡುಮಕ್ಕಳಿಗೂ ಇಲ್ಲ. ಮಾರುವಂತಿಲ್ಲ. ತಾಯಿಯ ಕಡೆಯ ಹಿರಿಯ ಹೆಂಗಸರು, ಸತ್ತು ಮಣ್ಣಾದವರೂ ಸೇರಿ, ಅದರ ಬೆನ್ನ ಹಿಂದೆ ನಿಂತಿರುತ್ತಾರೆ. ತಾಯಿಹಸು ಕೊಡದೆ ತಪ್ಪಿಸಿದವನ ಹೆಂಡತಿಯ ಮಡಿಲು ತುಂಬುವುದಿಲ್ಲ ಎಂದು ನಾವು ನಂಬುತ್ತೇವೆ.

ಶುವಾಯಿಯನ್ನು ಮದುವೆಯಾದ ಜೋಸಾಯ ಒಳ್ಳೆಯ ಹುಡುಗ. ಅವನ ಅಪ್ಪ ಮಾತ್ರ ಜಿಪುಣಾಗ್ರೇಸರ. ಎರಡು ಮಳೆಗಾಲ ಸತಾಯಿಸಿ ಕೊನೆಗೆ ಒಂದು ಚುಕ್ಕೆ ಚುಕ್ಕೆಯ ಕಡಸನ್ನು ಅಟ್ಟಿಕೊಂಡು ಬಂದ. ಬರುವಾಗಲೇ ಅದಕ್ಕೊಂದು ಹೆಸರಿಟ್ಟಿದ್ದ: ಮೈದೇಯಿ. ‘ಇನ್ನೇನು ಬೇಕಾಗಿತ್ತು ನಿಮಗೆ?’ ಎಂದು ಅದರ ಅರ್ಥ. ಬೀಗರ ಮುಖಕ್ಕೆ ಹೊಡೆದಂಥ ಹೆಸರು. ನನಗೆ ಮೈಯೆಲ್ಲ ಉರಿಯಿತು. ಮುಚಾನೇಟಾ ಮಾತ್ರ ಕಡಸಿನ ಕೊರಳು ತಬ್ಬಿ, “ಏನೂ ಬೇಡ ಕಣೇ, ನೀನು ಬಂದ್ಯಲ್ಲ,” ಎಂದಳು.

ಮೊದಲ ಗಬ್ಬ ನಿಲ್ಲಲಿಲ್ಲ. ದಿನ ತುಂಬುವ ಮುಂಚೆ ಮೈದೇಯಿ ಕಂದು ಹಾಕಿತು. ಕರುವಿನ ಬೆನ್ನಿಗೆ ಬೀಳಬೇಕಾದ ಮಾಸು ಬೀಳದೆ ಒದ್ದಾಡುತ್ತಿತ್ತು. ಮುಚಾನೇಟಾ ಬರಿಗೈ ಹಾಕಿ ಎಳೆದು ತೆಗೆದಳು, ಸತ್ತ ಕರುವನ್ನು ಸೆರಗಿನಲ್ಲಿ ಸುತ್ತಿ ತಾನೇ ಹೂತಳು. ಮರುವರ್ಷ ಸುಸೂತ್ರವಾಗಿ ಕರು ಹಾಕಿದಾಗ ಎಲ್ಲರೂ ನಿಟ್ಟುಸಿರು ಬಿಟ್ಟರು. ಹಸುವಿನ ಮುಂಗಾಲಿನ ಮಂಡಿ ಸ್ವಲ್ಪ ಊದಿಕೊಂಡಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮುಚಾನೇಟಾಳಿಗೂ ಆಗ ಮಂಡಿನೋವು ಶುರುವಾಯಿತು. ಸಂಜೆಯಾದರೆ ಜ್ವರ, ಬೆಳಗ್ಗೆ ಬೆವರು. ಮಲೇರಿಯಾ ಎಂದು ಮಾತ್ರೆ ನುಂಗಿದಳು. ಹೋಯಿತು, ಮತ್ತೆ ಬಂತು. “ನಿನಗೂ ನಿನ್ನ ಹಸುವಿಗೂ ಒಂದೇ ಮಂಡಿ ಕೊಟ್ಟಿದಾನೆ ದೇವರು,” ಎಂದು ನಾನು ರೇಗಿಸುತ್ತಿದ್ದೆ.

ಅದೇ ಹೊತ್ತಿಗೆ ಶುವಾಯಿ ಬಸುರಾದಳು. ಹೊಳೆಯಾಚೆ ಗಂಡನ ಊರಲ್ಲಿದ್ದಳು. ತಾಯ್ತನದ ಹಸುವಿನ ಹಾಲಿಗಿಂತ ಬಸುರಿಗೆ ಒಳ್ಳೆಯದು ಇನ್ನೇನಿದೆ? ಮುಚಾನೇಟಾ ಕರೆದ ನೊರೆಹಾಲನ್ನು ಹಾಗೇ ಬುರುಡೆಗೆ ತುಂಬಿ, ಮೊಸಳೆಗೆ ಹೆದರದೆ ಹೊಳೆ ದಾಟಿ ಹೋಗಿ, ಎದುರಿಗೆ ನಿಂತು ಕುಡಿಸಿ ಬರುತ್ತಿದ್ದಳು. ಕಾಯಿಸುವ ಮಾತೇ ಇಲ್ಲ. ಹಾಲನ್ನು ಬೆಂಕಿಗಿಟ್ಟರೆ ಕೆಚ್ಚಲು ಬತ್ತುತ್ತದೆ ಎಂದು ನಮ್ಮ ಹೆಂಗಸರು ತಿಳಿದವರು. ಅದರಲ್ಲೂ ತಾಯಿಹಸುವಿನದನ್ನು! ಹೊಟ್ಟೆ ಕಾಣುವಷ್ಟಾದ ಮೇಲೆ ಆ ಮಗು ಹೋಯಿತು.

ಜನ ಆಡಿಕೊಂಡರು: ಕೊಡುವಾಗ ಮನಸಾರೆ ಕೊಡಲಿಲ್ಲ, ತಾಯಿಹಸು ಮುನಿದಿದೆ. ಮುಚಾನೇಟಾ ಹಸುವಿನ ಕಾಲ ಬುಡಕ್ಕೆ ನಶ್ಯ ಸುರಿದು ತಪ್ಪೊಪ್ಪಿಕೊಂಡಳು. ಯಾವ ತಪ್ಪೆಂದು ಅವಳಿಗೇ ಗೊತ್ತಿರಲಿಲ್ಲ. ಎರಡನೆಯ ಸಲ ಮಗಳನ್ನು ತನ್ನ ಮನೆಗೇ ಕರೆತಂದಳು. ಹಿಂದಿಗಿಂತ ಹೆಚ್ಚು ಕುಡಿಸಿದಳು. ಮೈದೇಯಿಯ ಪಕ್ಕದಲ್ಲೇ ಕೂರಿಸಿ, ಮಗಳ ಕೈಯಲ್ಲೇ ಕರೆಸಿ ಕುಡಿಸಿದಳು. ಹಸುವಿಗೂ ಶುವಾಯಿಗೂ ಎಂಥ ಹೊಂದಾಣಿಕೆಯೆಂದರೆ, ಹುಡುಗಿ ಅಂಗಳದಿಂದ ಹೆಸರು ಕೂಗಿದರೆ ದೂರದ ಮೊಪಾನೆ ಮರಗಳ ನಡುವಿನಿಂದ ಅದು ತಲೆಯೆತ್ತಿ ಬರುತ್ತಿತ್ತು. ಆ ಮಗುವೂ ನಿಲ್ಲಲಿಲ್ಲ.

ನಮ್ಮಲ್ಲಿ ಹೆತ್ತ ದಿನವೇ ಹೆಣ್ಣಿನ ಸ್ವಂತ ಹೆಸರು ಒಳಗೆ ಸರಿದು ‘ಮಾಯಿ ಇಂಥವಳು’ ಮುಂದೆ ಬರುತ್ತದೆ. ಶುವಾಯಿಯ ವಾರಿಗೆಯವರೆಲ್ಲ ಮಾಯಿ ಆಗಿದ್ದರು. ಇವಳು ಬಾವಿಗೆ ಹೋದರೆ ಚಿಕ್ಕ ಹುಡುಗಿಯಂತೆ ‘ಶುವಾಯಿ, ಶುವಾಯಿ’ ಎಂದೇ ಕೂಗುತ್ತಿದ್ದರು. ಜೋಸಾಯನ ಸೋದರತ್ತೆ ಬಂದು, ಕೊಟ್ಟ ಶರಬತ್ತನ್ನೂ ಮುಟ್ಟದೆ, “ನಮ್ಮ ಹುಡುಗ ಕಾದಿದ್ದು ಸಾಕಲ್ವಾ? ಇನ್ನೊಬ್ಬಳನ್ನ ನೋಡೋದು ತಪ್ಪಾ?” ಎಂದು ಕೇಳಿ ಹೋದಳು. ಮುಚಾನೇಟಾ ಮುಖ ತಿರುಗಿಸಿಕೊಂಡು ಜೋಳ ಕುಟ್ಟುತ್ತಲೇ ಇದ್ದಳು. ಅಂದು ಒನಕೆ ಮುರಿಯಿತು.

ಡಾಕ್ಟರ್ ಕುಜೀವಾ ಬಂದದ್ದು ಆ ಬೇಸಿಗೆಯಲ್ಲಿ. ದನದ ಡಾಕ್ಟರು, ಮಸ್ವಿಂಗೋ ಪಟ್ಟಣದ ಕಡೆಯ ಹುಡುಗಿ. ಹಿಂದೆ ಮುಂದೆ ಧೂಳು ಕಾರುವ ಜೀಪು, ಮಂಜುಗಡ್ಡೆಯ ಪೆಟ್ಟಿಗೆ, ಇಬ್ಬರು ಸಹಾಯಕರು. ಗೊನಾರೆಜೋ ಕಾಡಿನ ಬೇಲಿಯನ್ನು ಆನೆಗಳು ಮುರಿದು ಯಾವ ಕಾಲವಾಗಿತ್ತೋ. ಕಾಡಿನ ಪ್ರಾಣಿ, ನಮ್ಮ ದನ, ನಾವು, ಮೂವರ ಕಾಯಿಲೆಗಳನ್ನೂ ಒಟ್ಟಿಗೆ ಓದುತ್ತೇವೆ ಎಂದಳು. ಉಣ್ಣಿ ಔಷಧದ ತೊಟ್ಟಿಯ ಹತ್ತಿರ ದನಗಳ ರಕ್ತ ತೆಗೆದಳು. ಊರಿನ ಆಸ್ಪತ್ರೆಯ ನರ್ಸು ಜ್ವರದವರ ರಕ್ತ ತೆಗೆದಳು. ನಾನು ಮೊದಲಿಗೆ ನಕ್ಕೆ. ದನಕ್ಕೊಂದು, ಮನುಷ್ಯನಿಗೊಂದು ರೋಗ ಅಂತ ದೇವರೇ ಹಂಚಿರುವಾಗ ಇವಳು ಒಂದೇ ಗಡಿಗೆಗೆ ಹಾಕುತ್ತಾಳಲ್ಲ ಎಂದುಕೊಂಡೆ.

ಕೆಲವು ಹಸುಗಳಿಗೂ ಕೆಲವು ಕಾಡೆಮ್ಮೆಗಳಿಗೂ ಕೊರಳಪಟ್ಟಿ ಕಟ್ಟಬೇಕಿತ್ತು. ಮಂದೆಯ ಮುಂದೆ ನಡೆಯುವ ಹಸು ಯಾವುದು ಎಂದು ಕೇಳಿದಾಗ ಎಲ್ಲರೂ ಮೈದೇಯಿಯನ್ನು ತೋರಿಸಿದರು.

“ಏನಮ್ಮಾ, ನಮ್ಮ ತಾಯಿಗೆ ನಾಯಿಪಟ್ಟಿ ಕಟ್ತೀಯಾ?” ಎಂದಳು ಮುಚಾನೇಟಾ.

“ನಾಯಿಪಟ್ಟಿ ಅಲ್ಲ ಅಂಬೂಯಾ,” ಎಂದಳು ಡಾಕ್ಟರು. ಅಜ್ಜಿಯಂಥವರನ್ನು ನಾವು ಹಾಗೆಯೇ ಕರೆಯುವುದು. “ಇವಳು ಎಲ್ಲೆಲ್ಲಿ ಓಡಾಡ್ತಾಳೆ ಅಂತ ಆಕಾಶದಿಂದ ಗೊತ್ತಾಗುತ್ತೆ.”

“ಹಂಗಾದ್ರೆ ಈ ಮುರಂಬಿವಾಗೂ ಒಂದು ಕಟ್ಟಿಬಿಡು. ಹೆಂಡ ಕಾಯಿಸೋ ಮನೆಗಳೆಲ್ಲ ನಿನಗೆ ಒಂದೇ ದಿನದಲ್ಲಿ ಗೊತ್ತಾಗುತ್ತೆ.”

ಮುರಂಬಿವಾ ನಾನೇ. ಡಾಕ್ಟರು ಬಾಯಿ ಮುಚ್ಚಿಕೊಂಡು ನಕ್ಕಳು. ಮುಚಾನೇಟಾ ಹಸುವಿನ ಕಿವಿಯಲ್ಲಿ ಏನೋ ಕೇಳಿ, ಅದರ ಉತ್ತರವನ್ನು ಕಾದು, ಆಮೇಲೆ ಒಪ್ಪಿದಳು. ತನ್ನ ರಕ್ತವನ್ನೂ ಕೊಟ್ಟಳು. ಶುವಾಯಿಯದನ್ನೂ ಕೊಡಿಸಿದಳು.

ಮಳೆ ಬರುವ ಮುಂಚೆ ಡಾಕ್ಟರು ಮತ್ತೆ ಬಂದಳು. ಈ ಸಲ ಮುಚಾನೇಟಾಳ ಮನೆಗೆ ಹೋಗದೆ ನನ್ನನ್ನು ಹುಡುಕಿಕೊಂಡು ಬಂದು ಮೊಪಾನೆ ಮರದ ನೆರಳಲ್ಲಿ ಕೂತಳು. ಕಂಪ್ಯೂಟರ್ ತೆರೆದು ಒಂದು ನಕ್ಷೆ ತೋರಿಸಿದಳು. ಹೊಳೆ ಗೊತ್ತಾಯಿತು, ಬಾವೋಬಾಬ್ ಮರ ಇರುವ ದಿಬ್ಬ ಗೊತ್ತಾಯಿತು. ಅದರ ಮೇಲೆಲ್ಲ ಕೆಂಪು ಚುಕ್ಕಿ, ಹಳದಿ ಚುಕ್ಕಿ.

“ಹಳದಿ ಮೈದೇಯಿ ನಡೆದ ದಾರಿ. ಕೆಂಪು ಒಂದು ಹೆಣ್ಣು ಕಾಡೆಮ್ಮೆ. ಇಲ್ಲಿ ನೋಡಿ ಸೆಕುರು.” ಹಿರಿಯ ಗಂಡಸರಿಗೆ ಸೆಕುರು ಎನ್ನಬೇಕೆಂಬ ಮರ್ಯಾದೆ ಗೊತ್ತಿದ್ದ ಹುಡುಗಿ. ಬೇಲಿ ಮುರಿದ ಕಡೆಯ ಮಡುವಿನ ಮೇಲೆ ಬೆರಳಿಟ್ಟಳು. ಅಲ್ಲಿ ಹಳದಿಯೂ ಕೆಂಪೂ ಒಂದರ ಮೇಲೊಂದು ಬಿದ್ದು ಗಿಜಿಗುಟ್ಟುತ್ತಿದ್ದವು. “ಹಗಲು ಇವಳು ಬಂದು ನೀರು ಕುಡೀತಾಳೆ. ಕತ್ತಲಾದ ಮೇಲೆ ಅವಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡೇ ಇಲ್ಲ. ಆದ್ರೆ ಅದೇ ಕೆಸರು, ಅದೇ ಹುಲ್ಲು.”

ನಾನು ಹುಟ್ಟಿದಾಗಿನಿಂದ ಆ ಮಡುವಿನಲ್ಲಿ ದನ ತೊಳೆದವನು. ಬೆಳಗ್ಗೆ ಹೋದರೆ ಹಸುವಿನ ಗೊರಸಿನ ಮೇಲೆ ಕಾಡೆಮ್ಮೆಯ ಗೊರಸು ಮೂಡಿರುವುದನ್ನು ದಿನವೂ ನೋಡಿ ದಿನವೂ ತುಳಿದುಕೊಂಡು ಬಂದವನು. ಅದು ಇಷ್ಟು ದೊಡ್ಡ ಸಂಗತಿ ಎಂದು ಹೊಳೆದೇ ಇರಲಿಲ್ಲ. ಇಡೀ ಕಾಡು, ಇಡೀ ಊರು, ಒಂದೇ ತಟ್ಟೆಯಲ್ಲಿ ಪಾಳಿಯ ಮೇಲೆ ಉಣ್ಣುತ್ತಿದ್ದವು. ನನ್ನ ಹಲ್ಲಿಲ್ಲದ ಬಾಯಿ ತೆರೆದದ್ದು ಹಾಗೇ ಇತ್ತು.

ಆಮೇಲೆ ಅವಳು ಉಳಿದದ್ದನ್ನು ಹೇಳಿದಳು. ಮೈದೇಯಿಗೆ ಕಂದು ಹಾಕುವ ರೋಗ ಇದೆ. ಆ ರೋಗ ಮಾಸಿನಲ್ಲಿರುತ್ತದೆ, ಹಸಿ ಹಾಲಿನಲ್ಲಿರುತ್ತದೆ. ಹಸುವಿನಿಂದ ಕಂದು ಹಾಕಿಸುವಂತೆ ಬಸುರಿ ಹೆಂಗಸಿನ ಮಗುವನ್ನೂ ಬೀಳಿಸಬಹುದು. ಮುಚಾನೇಟಾಳ ಮಂಡಿ, ಸಂಜೆಯ ಜ್ವರ, ಎಲ್ಲ ಅದೇ. ಶುವಾಯಿಯ ರಕ್ತದಲ್ಲೂ ಸಿಕ್ಕಿದೆ. ಇನ್ನೊಂದು ಸುದ್ದಿ ನನಗೂ ಗೊತ್ತಿತ್ತು: ಶುವಾಯಿ ಮತ್ತೆ ಬಸುರಿ. ತಾಯಿಮನೆಗೆ ಬಂದಿದ್ದಳು. ಹೊರಗೆ ಗೊತ್ತಾಗುವ ಮುಂಚೆಯೇ ಮುಚಾನೇಟಾ ಅವಳಿಗೆಂದು ಬೇರೆ ಬುರುಡೆ ತೆಗೆದಿಟ್ಟಿದ್ದಳು.

“ಶುವಾಯಿಗೆ ಇವತ್ತೇ ಮಾತ್ರೆ ಶುರುವಾಗ್ಬೇಕು, ಆ ಹಾಲು ನಿಲ್ಬೇಕು. ಅದನ್ನ ನಾನು ಹೇಳ್ತೀನಿ. ಆದ್ರೆ ಅದು ತಾಯಿಹಸು ಸೆಕುರು. ನಮ್ಮಮ್ಮನ ಮನೇಲೂ ಒಂದಿದೆ. ಮೈದೇಯೀನ ಮುಗಿಸೋದೇ ಒಳ್ಳೇದು ಅಂತ ನಾನು ಹೆಂಗೆ ಹೇಳ್ಲಿ?” ಎಂದಳು. ಓದಿದವರ ಮೇಲೆ ನನಗಿದ್ದ ಗುಮಾನಿಯೆಲ್ಲ ಅಲ್ಲಿಗೇ ಕರಗಿತು.

“ನೀನು ಹೇಳ್ಬೇಡ. ಇಂಥದ್ದಕ್ಕೇ ನಮ್ಮಂಥವರನ್ನ ಹುಟ್ಟಿಸಿರೋದು,” ಎಂದೆ.

ಮುಚಾನೇಟಾ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಮಗಳು ಬಸುರಿಯಾದ ಖುಷಿಗೆ ಗುನುಗುತ್ತಿದ್ದಳು. ನಾನು ಬೇಲಿಯ ಬಾಗಿಲಲ್ಲೇ ಮಂಡಿಯೂರಿ ನಾಲ್ಕು ಕಾಲ ಮೇಲೆ ಒಳಗೆ ಬಂದೆ. ಎಡಗಿವಿಯನ್ನು ಪಟಪಟ ಹೊಡೆದೆ. ಮುಂಗಾಲು ಎಳೆದೆ. ಬೇಲಿ ದಾಟಿದ ಕೂಡಲೇ ಹಿಂದಿರುಗಿ, ಮಂದೆಯೆಲ್ಲ ಬಂತೋ ಇಲ್ಲವೋ ಎಂದು ದೊಡ್ಡಮ್ಮನ ಹಾಗೆ ನೋಡಿದೆ. ಮೈದೇಯಿ ಮಾಡುವುದು ಹಾಗೆಯೇ. ಅವಳ ಮೊರದಿಂದ ಕಡಲೆಕಾಯಿಗೆ ಬಾಯಿ ಹಾಕಿದೆ.

ಮುಚಾನೇಟಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಯ್ಯೋ, ಅದೇ ಮಂಡಿ, ಅದೇ ಸೊಕ್ಕು! ಸಾಕು ಬಿಡೋ ಮುದಿಯಾ, ನಗಿಸಿ ಸಾಯಿಸ್ಬೇಡ...”

ನಾನು ನಿಲ್ಲಿಸಲಿಲ್ಲ. ಅವಳ ಮೊಣಕಾಲಿಗೆ ತಲೆ ಉಜ್ಜಿದೆ.

ಅವಳ ನಗು ಒಂದು ಕಡೆಯಿಂದ ಆರುತ್ತಾ ಬಂತು. ಕೈಯಲ್ಲಿದ್ದ ಕಾಯಿ ಕೆಳಗೆ ಬಿತ್ತು.

“ಮೈದೇಯಿ ಬದುಕಿದಾಳೆ,” ಎಂದಳು. “ಈಗಷ್ಟೇ ಕರ್ದು ಬಂದೆ.”

ನಾನು ಮಂಡಿಯೂರಿಯೇ ಇದ್ದೆ.

“ಮುರಂಬಿವಾ. ಬದುಕಿರೋರ ಆಟ ನೀನು ಕಟ್ಟಲ್ಲ.”

“ಕಟ್ಟಲ್ಲ,” ಎಂದೆ.

ಆಮೇಲೆ ಎದ್ದು ಕೂತು ಒಂದೊಂದಾಗಿ ಎಲ್ಲವನ್ನೂ ಹೇಳಿದೆ. ಮಡು, ಚುಕ್ಕಿ, ಮಾಸು, ಹಾಲು. ಹೋದ ಮಕ್ಕಳ ಮಾತು ಬಂದಾಗ ಅವಳ ಮುಖ ನೋಡಲಾಗಲಿಲ್ಲ. ಅವಳು ಕೂಗಾಡುತ್ತಾಳೆ, ಮೊರ ಎಸೆಯುತ್ತಾಳೆ ಎಂದುಕೊಂಡಿದ್ದೆ. ಎದ್ದು ಒಳಗೆ ಹೋಗಿ ಶುವಾಯಿಯ ಬುರುಡೆ ತಂದಳು. ಬೆಳಗಿನ ಹಾಲು ಇನ್ನೂ ಅರ್ಧ ಇತ್ತು. ಬೂದಿಗುಂಡಿಗೆ ಸುರಿದಳು.

“ಬೇಡ ಅಂದಿದ್ಲು ಕಣೋ. ವಾಕರಿಕೆ ಬರುತ್ತೆ ಬೇಡಮ್ಮ ಅಂದಿದ್ಲು. ಮೂಗು ಮುಚ್ಕೊಂಡು ಕುಡಿ ಅಂದೆ. ಈ ಕೈಯಲ್ಲೇ, ಈ ಕೈಯಲ್ಲೇ ಕುಡಿಸ್ದೆ,” ಎಂದಳು. ಸಹ್ವೀರನಾದವನಿಗೆ ಎಲ್ಲದಕ್ಕೂ ಒಂದು ಕುಚೋದ್ಯ ಸಿಗಬೇಕು. ನನಗೆ ಅಂದು ಸಿಗಲಿಲ್ಲ. ಅವಳ ಪಕ್ಕದಲ್ಲಿ ಕೂತು ಅತ್ತೆ.

ಅಂದು ಶುವಾಯಿಗೆ ಹೇಳಿದವಳು ಮುಚಾನೇಟಾಳೇ. ಗುಡಿಸಲೊಳಗೆ ತಾಯಿ ಮಗಳು ಏನು ಮಾತಾಡಿಕೊಂಡರೋ ತಿಳಿಯದು. ಹೊರಗೆ ಬಂದಾಗ ಶುವಾಯಿ ತಾಯಿಯ ಬೆನ್ನು ಸವರುತ್ತಿದ್ದಳು. ನರ್ಸು ಇಬ್ಬರಿಗೂ ವಾರಗಟ್ಟಲೆ ನುಂಗುವ ಮಾತ್ರೆ ಕೊಟ್ಟಳು. “ಮಗು ಉಳಿಯುತ್ತಾ?” ಎಂದು ಶುವಾಯಿ ಕೇಳಿದ್ದಕ್ಕೆ ಡಾಕ್ಟರು, “ಉಳಿಸೋಕೆ ನೋಡೋಣ. ಮಾತು ಕೊಡೋಕೆ ನನ್ನ ಕೈಲಿ ಆಗಲ್ಲ,” ಎಂದಳು. ಸುಳ್ಳು ಸಮಾಧಾನ ಹೇಳಲಿಲ್ಲ.

ಮುಚಾನೇಟಾ ಡಾಕ್ಟರನ್ನು ಕೂರಿಸಿಕೊಂಡು ತನಗೆ ಬೇಕಾದ್ದನ್ನೆಲ್ಲ ಕೇಳಿದಳು.

“ಎಷ್ಟು ದೊಡ್ಡದಮ್ಮಾ ಅದು? ಉಣ್ಣಿಯಷ್ಟಾ?”

“ಕಣ್ಣಿಗೆ ಕಾಣೋದೇ ಇಲ್ಲ ಅಂಬೂಯಾ. ಒಂದು ಹನಿ ಹಾಲಲ್ಲಿ ಒಂದು ಊರಿನಷ್ಟು ಇರ್ತಾವೆ.”

“ಅಷ್ಟು ಚಿಕ್ಕದು ಅಷ್ಟು ದೊಡ್ಡ ಕಾಡು ದಾಟಿ ನನ್ನ ಮಗಳ ಹೊಟ್ಟೆಗೆ ಬಂತಾ? ಕಾಲೆಲ್ಲಿತ್ತು ಅದಕ್ಕೆ?”

“ಕಾಲಿಲ್ಲ. ನಮ್ಮ ಕಾಲಲ್ಲೇ ನಡೆಯುತ್ತೆ.”

ಮುಚಾನೇಟಾ ಬಹಳ ಹೊತ್ತು ತನ್ನ ಪಾದಗಳನ್ನೇ ನೋಡಿಕೊಂಡಳು. ನಾನೂ ನನ್ನವನ್ನು ನೋಡಿಕೊಂಡೆ. ಧೂಳು, ಬಿರುಕು, ಒಂದು ಹಳೆಯ ಚಪ್ಪಲಿ. ಇಷ್ಟು ವರ್ಷ ಇವು ಏನೇನನ್ನು ಹೊತ್ತು ತಿರುಗಿದವೋ ಎಂದು ಬೆರಗಾಯಿತು, ಭಯವೂ ಆಯಿತು.

“ನಮ್ಮ ಕುಲದವರೇ ಕೊಟ್ರಾ?” ಎಂದಳು. ಕಾಡೆಮ್ಮೆಯ ಮಾತು.

“ಕಾಡೆಮ್ಮೆಯಿಂದ ಹಸುವಿಗೆ ಬಂತೋ, ಹಸುವಿನಿಂದ ಕಾಡೆಮ್ಮೆಗೆ ಹೋಯ್ತೋ, ನಮಗಿನ್ನೂ ಗೊತ್ತಿಲ್ಲ. ಆ ಕಾಡೆಮ್ಮೆಗೂ ಇದೆ. ಅದೂ ಎಷ್ಟು ಕರು ಕಳ್ಕೊಂಡಿದೆಯೋ.”

“ಪಾಪ,” ಎಂದಳು ಮುಚಾನೇಟಾ. ಎದೆಯ ಮೇಲೆ ಕೈಯಿಟ್ಟುಕೊಂಡು, ಕಾಡಿನ ಕಡೆ ತಿರುಗಿ, “ಪಾಪ, ಅವಳೂ,” ಎಂದಳು. ತನ್ನ ಮನೆ ಹೊತ್ತಿ ಉರಿಯುವಾಗ ಎಂದೂ ಕಾಣದ ಒಂದು ಕಾಡೆಮ್ಮೆಗೆ ಮರುಗಿದ ಹೆಂಗಸನ್ನು ನಾನು ನೋಡಿದ್ದು ಅದೊಂದೇ ಸಲ.

ಹಸುವನ್ನು ಏನು ಮಾಡುವುದು? ಹಾಲು ಕಾಯಿಸಿದರೆ ಕುಡಿಯಬಹುದು. ಆದರೆ ಅದು ಪ್ರತಿ ಸಲ ಕರು ಹಾಕಿದಾಗಲೂ ರೋಗ ನೆಲಕ್ಕೆ ಬೀಳುತ್ತದೆ, ಮಂದೆಗೆ ಹರಡುತ್ತದೆ. ಶುವಾಯಿ ಚೊಚ್ಚಲ ಬಾಣಂತನಕ್ಕೆ ಇದೇ ಅಂಗಳದಲ್ಲಿ ಇರಬೇಕು, ಅದೂ ಕಟ್ಟಳೆ. ಮುಗಿಸುವುದೇ ಒಳ್ಳೆಯದು, ಆದರೆ ತೀರ್ಮಾನ ನಿಮ್ಮದು ಎಂದಳು ಡಾಕ್ಟರು. ಮುಚಾನೇಟಾಳ ಮೈದುನ ಪಿಸುಗುಟ್ಟಿದ: “ಪೇಟೆ ಕಡೆಯಿಂದ ದನ ಕೊಳ್ಳೋರು ಬರ್ತಾರೆ ಅತ್ತಿಗೆ. ಯಾರಿಗೂ ಹೇಳದೆ ಹೊಡ್ಕೊಂಡು ಹೋಗ್ಲಿ ಬಿಡಿ.”

“ನಮ್ಮನೆ ಕೆಂಡಾನ ಪಕ್ಕದ ಮನೆ ಹುಲ್ಲಿನ ಮೇಲೆ ಎಸೀಲಾ?” ಎಂದಳು.

ತಾಯಿಯ ಕಡೆಯ ನೆಂಟರೆಲ್ಲ ಬಂದರು. ತಾಯಿಹಸುವಿಗೆ ಸುಮ್ಮನೆ ಕತ್ತಿ ಹಾಕುವಂತಿಲ್ಲ. ನೆಲಕ್ಕೆ ನಶ್ಯ ಇಟ್ಟು, ಹಿರಿಯ ಹೆಂಗಸರನ್ನು ಹೆಸರು ಹಿಡಿದು ಕರೆದು, ಅದರ ಬೆನ್ನುದ್ದಕ್ಕೂ ನೀರು ಸುರಿಯಬೇಕು. ಅದು ಮೈ ಕೊಡವಿದರೆ ಒಪ್ಪಿತು ಎಂದು. ಕೊಡವದಿದ್ದರೆ ಯಾರೂ ಮುಟ್ಟುವಂತಿಲ್ಲ. ಕತ್ತಿ ಹಿಡಿಯುವುದು ಸಹ್ವೀರನ ಕೆಲಸ. ಡಾಕ್ಟರು ನನ್ನ ಕೈಗೂ ಮೊಣಕೈವರೆಗೆ ಬರುವ ಗ್ಲೌಸು ಹಾಕಿಸಿ, ತಾನೂ ಹಾಕಿಕೊಂಡು ದೂರದಲ್ಲಿ ನಿಂತಳು. ಶುವಾಯಿಯನ್ನು ದೊಡ್ಡಿಯ ಹತ್ತಿರ ಬರಬೇಡ ಎಂದು ಬೇಲಿಯಾಚೆ ಇರಿಸಿದ್ದರು.

ಮುಚಾನೇಟಾ ನೀರು ಸುರಿದಳು. “ಅಮ್ಮಾ, ಅಜ್ಜೀ, ನಿಮ್ಮ ಹಸು ಇದು. ತಾಯ್ತನಕ್ಕೆ ಅಂತ ಬಂದ್ಲು. ಇವಳ ತಪ್ಪಿಲ್ಲ, ನನ್ನ ತಪ್ಪೂ ಇಲ್ಲ ಅಂತಾರೆ, ನನ್ನ ಎದೆ ಒಪ್ತಿಲ್ಲ. ಇನ್ನೊಂದು ತಾಯ್ತನ ಉಳಿಯೋಕೆ ಇವಳು ಹೋಗ್ಬೇಕು. ಕಳಿಸಿಕೊಡಿ.”

ಮೈದೇಯಿ ಮೆಲುಕು ಹಾಕುತ್ತಾ ನಿಂತಿತ್ತು. ನೀರು ಹೊಟ್ಟೆಯ ಇಕ್ಕೆಲದಲ್ಲೂ ಇಳಿದು ನೆಲ ಸೇರಿತು. ಅದು ಕದಲಲಿಲ್ಲ.

ಇನ್ನೊಮ್ಮೆ ಸುರಿದಳು. ಇಲ್ಲ. ಜೋಸಾಯನ ಸೋದರತ್ತೆ, “ಒಪ್ಪಲಿಲ್ಲ,” ಎಂದು ಗೊಣಗಿದಳು. “ಏ ಮೈದೇಯಿ, ಸ್ನಾನ ಮಾಡಿಸಿದೀವಿ, ಮೈ ಒರೆಸ್ಕೋ,” ಎಂದು ನಾನು ತಮಾಷೆ ಮಾಡಿದೆ, ಯಾರೂ ನಗಲಿಲ್ಲ. ಬಿಸಿಲೇರಿತು. ಸುರಿದ ನೀರು ಚುಕ್ಕೆಚುಕ್ಕೆಯ ಚರ್ಮದ ಮೇಲೆ ಆರತೊಡಗಿತು. ಗಂಡಸರು ನನ್ನ ಮುಖ ನೋಡಿದರು. ಡಾಕ್ಟರು 'ಹೊತ್ತಾಯಿತು' ಎನ್ನಲಿಲ್ಲ, ಕೈಗಡಿಯಾರವನ್ನೂ ನೋಡಲಿಲ್ಲ.

“ಒಪ್ಪದೆ ಹೋದ್ರೆ ಮುಟ್ಬೇಡಿ,” ಎಂದಳು ಮುಚಾನೇಟಾ. ಆ ಹೆಸರಿಟ್ಟುಕೊಂಡವಳು ದಣಿದದ್ದನ್ನು ನಾನು ಅಂದು ಕಂಡೆ. ಬುರುಡೆಯಲ್ಲಿ ಉಳಿದಿದ್ದ ನೀರನ್ನು ಕೊನೆಯ ಸಲ ಹಸುವಿನ ಬೆನ್ನ ಮೇಲೆ ಬರಿದು ಮಾಡಿ, ಗೋಡೆಗೊರಗಿ ಕೂತುಬಿಟ್ಟಳು.

ಆಗ ಬೇಲಿಯಾಚೆಯಿಂದ ಶುವಾಯಿ ಕರೆದಳು. ದಿನವೂ ಹಾಲಿಗೆ ಕರೆಯುತ್ತಿದ್ದ ಅದೇ ರಾಗ.

“ಮೈದೇಯೀ... ಸಾಕಮ್ಮಾ. ನೀನು ಕೊಟ್ಟಿದ್ದು ಸಾಕು.”

ಹಸು ಮೆಲುಕು ನಿಲ್ಲಿಸಿತು. ತಲೆಯೆತ್ತಿತು. ದನಿ ಬಂದ ಕಡೆಗೆ ಕಿವಿ ನಿಮಿರಿಸಿ, ನೋವಿನ ಕಾಲನ್ನು ಮುಂದಿಟ್ಟು, ಕೊಂಬಿನಿಂದ ಬಾಲದವರೆಗೆ ಒಮ್ಮೆ ಮೈ ಕೊಡವಿತು. ಹನಿಗಳು ಎಲ್ಲರ ಮೇಲೂ ಹಾರಿದವು, ನನ್ನ ಮೇಲೆ, ಸೋದರತ್ತೆಯ ಮೇಲೆ, ದೂರ ನಿಂತಿದ್ದ ಡಾಕ್ಟರ ಕನ್ನಡಕದ ಮೇಲೆ. ಹೆಂಗಸರು ನಾಲಿಗೆ ಹೊರಳಿಸಿ ಉಲುಲು ಎಂದು ಕೂಗಿದರು. ನೊಣ ಕಚ್ಚಿರಬಹುದು ಎಂದು ಒಮ್ಮೊಮ್ಮೆ ನನಗೇ ಅನ್ನಿಸುವುದುಂಟು. ಆದರೆ ಡಾಕ್ಟರು ಕನ್ನಡಕ ತೆಗೆದದ್ದು ಹನಿ ಒರೆಸಲು ಅಲ್ಲ, ಕಣ್ಣು ಒರೆಸಲು.

ನಾನು ನನ್ನ ಕೆಲಸ ಮಾಡಿದೆ. ಕೈ ತಪ್ಪಲಿಲ್ಲ. ಕೆಚ್ಚಲು, ಗರ್ಭಚೀಲ ಎಲ್ಲವನ್ನೂ ಡಾಕ್ಟರು ಆಳದ ಗುಂಡಿಗೆ ಹಾಕಿಸಿ ಸುಡಿಸಿದಳು. ಮಾಂಸವನ್ನು ತಾಯಿಯ ಕಡೆಯವರು ಚೆನ್ನಾಗಿ ಬೇಯಿಸಿ ಉಂಡರು. ಮುಚಾನೇಟಾ ಒಂದು ತುಂಡು ಬಾಯಿಗಿಟ್ಟುಕೊಂಡಳು, ಅಗಿಯಲಿಲ್ಲ. ಮೈದೇಯಿಯ ಕೊನೆಯ ಕರು, ಹೆಣ್ಣು, ದೊಡ್ಡಿಯ ಮೂಲೆಯಲ್ಲಿ ಅರಚುತ್ತಿತ್ತು. ಅದರ ರಕ್ತದಲ್ಲಿ ರೋಗ ಕಂಡಿರಲಿಲ್ಲ. ಆದರೂ ಬೇರೆ ಕಟ್ಟಿ, ಮೊದಲ ಕರು ಹಾಕುವವರೆಗೂ ಕಾದು ನೋಡಿ ಎಂದಳು ಡಾಕ್ಟರು. ಕಾಯುವುದರಲ್ಲಿ ಮುಚಾನೇಟಾಳಿಗೆ ಕಲಿಸಬೇಕಾದ್ದೇನೂ ಇರಲಿಲ್ಲ.

ಆ ಮಳೆಗಾಲವಿಡೀ ಅವಳು ಮಗಳ ಹೊಟ್ಟೆಯನ್ನು ನೋಡುತ್ತಲೇ ಕಳೆದಳು. ಹಿಂದಿನ ಮಕ್ಕಳು ಹೋದ ತಿಂಗಳು ದಾಟಿತು. ಇನ್ನೂ ಒಂದು ದಾಟಿತು. ಊರಲ್ಲಿ ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ದೃಷ್ಟಿಯಾದೀತೆಂದು ನಾನು ಕೂಡ ಬೈಗುಳ ಕಡಿಮೆ ಮಾಡಿದ್ದೆ. ಜೋಳ ತೆನೆ ಕಟ್ಟುವ ಹೊತ್ತಿಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಅಳು ಕೇಳಿದ ಮೇಲೂ ಮುಚಾನೇಟಾ ಒಳಗೆ ಹೋಗಲಿಲ್ಲ. “ಇನ್ನೊಂದ್ಸಲ ಅಳ್ಲಿ,” ಎಂದಳು. ಮಗು ಅತ್ತಿತು. ಆಗ ಹೋದಳು.

ಜೋಸಾಯನ ಅಪ್ಪ ಹೆಸರಿಡಲು ಬಂದ. ಅವನು ಬಾಯಿ ತೆರೆಯುವ ಮುಂಚೆ ಶುವಾಯಿಯೇ, “ಹೆಸರು ಇಟ್ಟಾಗಿದೆ ಮಾವ. ನೀವೇ ಇಟ್ಟಿದ್ರಿ. ಮೈದೇಯಿ,” ಎಂದಳು. ಮುದುಕ ತಲೆ ತಗ್ಗಿಸಿದ. ಅಂದಿನಿಂದ ಅವಳು ಬಾವಿಗೆ ಹೋದರೆ ಹೆಂಗಸರು ‘ಮಾಯಿ ಮೈದೇಯಿ’ ಎಂದು ಜಾಗ ಬಿಡುತ್ತಾರೆ. ಈಗೀಗ ನಮ್ಮ ಕಡೆ ತೆರದ ಮಾತುಕತೆಗೆ ಕೂತಾಗ, ತಾಯಿಹಸುವಿನ ರಕ್ತ ಪರೀಕ್ಷೆ ಆಗಿದೆಯಾ ಎಂದು ಹೆಣ್ಣಿನ ತಾಯಿ ಮೊದಲು ಕೇಳುತ್ತಾಳೆ. ಅದೂ ಒಂದು ಕಟ್ಟಳೆಯಾಗಿಬಿಟ್ಟಿದೆ, ಹಿಂದಿನಿಂದಲೇ ಇತ್ತೆನ್ನುವ ಹಾಗೆ.

ಮೊನ್ನೆ ನಾನು ಹೋದಾಗ ಮುಚಾನೇಟಾ ಒಲೆಯ ಮುಂದೆ ಹಾಲು ಉಕ್ಕುವುದನ್ನೇ ಕಾಯುತ್ತಿದ್ದಳು. ಮಗು ಅಂಗಳದಲ್ಲಿ ಎಲ್ಲಿಗೋ ಅಂಬೆಗಾಲಿಟ್ಟು ಹೊರಟಿತ್ತು. “ಮೈದೇಯೀ...” ಎಂದು ಶುವಾಯಿ ಅದೇ ರಾಗದಲ್ಲಿ ಕರೆದಳು. ಮಗು ತಿರುಗಲಿಲ್ಲ. ಆಚೆ, ಬೇರೆ ಕಟ್ಟಿದ ಜಾಗದಲ್ಲಿ, ಹಸು ಮೈದೇಯಿಯ ಆ ಕರು, ಈಗ ಬೆಳೆದ ಚುಕ್ಕೆಯ ಕಡಸು, ಥಟ್ಟನೆ ತಲೆಯೆತ್ತಿ, ತಾಯಿಯ ಹಾಗೆಯೇ ಕಿವಿ ನಿಮಿರಿಸಿ ನಿಂತಿತು.

“ನಿನ್ನನ್ನಲ್ಲ ಕಣೇ,” ಎಂದಳು ಮುಚಾನೇಟಾ. ಹಾಲು ಉಕ್ಕಿ ಒಲೆಗೆ ಬಿತ್ತು. ಅವಳು ನೋಡಲಿಲ್ಲ.